ಟವಲಿನಡಿಯ ಬೆಲೆ

ಕೊಳ್ಳೇಗಾಲ, ಶನಿವಾರ, 12 ಜೂನ್ 1971

ತರಗತಿಗೇ ಮೊದಲಿಗಳಾದ ನಾನು ಇಂದು ತುಂಬಿದ ಸಭೆಯಲ್ಲಿ ತಲೆತಗ್ಗಿಸಿದೆ. ಯಳಂದೂರಿನ ರೇಷ್ಮೆಗೂಡಿನ ವ್ಯಾಪಾರಿಯ ಮಗನಾಗಿ ಹುಟ್ಟಿ, ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ, ಈಗ ಉಪಕುಲಪತಿಗಳಾಗಿರುವವರು ಕಾಲೇಜಿಗೆ ಬಂದಿದ್ದರು. ಪೇಟೆಯಲ್ಲಿ ಬೆಲೆ ಎಲ್ಲರಿಗೂ ತಿಳಿದಿರುತ್ತದೆ ಎಂದರು. ನಾನು ಎದ್ದು, "ನಮ್ಮ ರೇಷ್ಮೆಗೂಡಿನ ಬೆಲೆಯನ್ನು ಕೊಳ್ಳುವವರೂ ಮಾರುವವರೂ ಟವಲಿನಡಿ ಬೆರಳು ಹಿಡಿದು ಗುಟ್ಟಾಗಿ ಕುದುರಿಸುತ್ತಾರೆ" ಎಂದೆ.

ಅವರು ನಕ್ಕರು. "ಎಂಟು ರೂಪಾಯಿಗೆ ಯಾವ ಬೆರಳು? ತೋರಿಸಮ್ಮ."

ನನಗೆ ಗೊತ್ತಿರಲಿಲ್ಲ.

"ಸೋಮವಾರ ಎಂ.ಎ. ಸಂದರ್ಶನಕ್ಕೆ ಬರುತ್ತೀಯಲ್ಲ, ಆಗ ಹೇಳು."

ಅದು ವಾತ್ಸಲ್ಯವೋ ಎಚ್ಚರಿಕೆಯೋ ತಿಳಿಯಲಿಲ್ಲ. ಬೆರಳ ಲೆಕ್ಕ ಕಲಿಸಿಕೊಡು ಎಂದು ರಾತ್ರಿ, ಪೇಟೆಯಲ್ಲಿ ನಮ್ಮ ಗೂಡು ಮಾರುವ ಅಪ್ಪನನ್ನು ಬೇಡಿದೆ.

"ಆ ಟವಲ್ ಒಳಕ್ಕೆ ಎಣ್ಮಕ್ಕಳು ಯಾವತ್ತು ಕೈ ಆಕವ್ರೆ? ಸುಮ್ಕೆ ಮನೀಕೋ ಓಗವ್ವ."

ಹುಳು ಸಾಕಿ ಗೂಡು ಬಿಡಿಸುವವರು ಅವ್ವನೂ ನಾನೂ. ಗೂಡು ಬೆಳೆಯುವ ಹೆಂಗಸರಿಗೇ ಬೆಲೆ ತಿಳಿಯಗೊಡುವುದಿಲ್ಲ ಎಂದು ಸೋಮವಾರ ಉತ್ತರ ಹೇಳಿಬಿಡಲೇ? ಅಹಂಕಾರವೆಂದು ಸೀಟು ತಪ್ಪಿಸಿದರೆ? ಹೇಳದೆ ಸೀಟು ಸಿಕ್ಕರೂ ನಾನು ಟವಲಿನ ಹೊರಗೇ ಉಳಿದವಳಲ್ಲವೇ?