ನೆಂಟರು ಹೊರಟಿದ್ದಾರೆ

ಸೋಮವಾರ, ಸಂಜೆ

ಅಣ್ಣಾ,

ನೆರೆ ಬರುತ್ತಿದೆ ಎಂದು ಪಕ್ಕದ ದೇಶವನ್ನು ಎಚ್ಚರಿಸಿದ್ದಕ್ಕೆ ನಮ್ಮಪ್ಪನನ್ನು ಗೂಢಚಾರನೆಂದು ಜೈಲಿಗೆ ಹಾಕಿದ್ದಾರೆ. ನಮಸ್ಕಾರ, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಬರೆಯುವುದು ತಡವಾಯಿತು, ಕ್ಷಮಿಸು. ಸಿಟ್ಟಿನಲ್ಲಿ ಬರೆದದ್ದನ್ನೆಲ್ಲ ಹರಿದು ಹಾಕಿದೆ. ಇದೂ ತಣ್ಣಗಿಲ್ಲ.

ನೀನು ಊರು ಬಿಟ್ಟ ಮೇಲೂ ಅಪ್ಪನ ಕೆಲಸ ಅದೇ ಇತ್ತು: ನದಿ ಏರಿದರೆ ಗಡಿಯಾಚೆಯ ಕೆಳದಂಡೆಗೆ ವೈರ್‌ಲೆಸ್‌ನಲ್ಲಿ ಹೇಳುವುದು. ಆ ಯಂತ್ರ ಕೊಟ್ಟಿದ್ದು ಇದೇ ಸರ್ಕಾರ. ಆಚೆ ಕೇಳಿಸಿಕೊಳ್ಳುವವರ ಮುಖವನ್ನು ಅಪ್ಪ ಕಂಡವರಲ್ಲ. ಆದರೂ ಇಬ್ಬರೂ ಬೀಗರು. "ನಮ್ಮ ಹೊಳೆ ನಿಮ್ಮನೆ ಸೇರುತ್ತಲ್ರೀ, ಹೆಣ್ಣು ಕೊಟ್ಟ ಹಾಗೇ ಆಯ್ತಲ್ಲ!" ಎಂದು ನಗುತ್ತಿದ್ದರು. ಪ್ರವಾಹಕ್ಕೆ ಅವರಿಬ್ಬರ ಹೆಸರು ನೆಂಟರು.

ಅವತ್ತು ಅಪ್ಪ ಹೇಳಿದ್ದಿಷ್ಟು: "ಬೀಗರೇ, ನೆಂಟರು ಹೊರಟಿದ್ದಾರೆ. ಈ ಸಲ ದಿಬ್ಬಣವೇ. ತಗ್ಗಿನ ಬೀದಿಯವರಿಗೆ..." ಅಷ್ಟರಲ್ಲಿ ಭದ್ರತೆಯವರು ನುಗ್ಗಿ ಪ್ಲಗ್ ಕಿತ್ತರು. ಹಿಂದಿನ ವಾರದಿಂದಲೂ ಕದ್ದು ಕೇಳುತ್ತಿದ್ದರಂತೆ.

"ಎಷ್ಟು ಜನ ನೆಂಟರು? ಆಯುಧ ಇದೆಯೇನು?"

ಅಪ್ಪ ನಕ್ಕುಬಿಟ್ಟರು. "ಸ್ವಾಮೀ, ಕಿಟಕಿ ತೆಗೀರಿ. ಬಾಗಿಲಲ್ಲೇ ನಿಂತಿದ್ದಾರೆ."

ಆ ನಗುವನ್ನೂ ಆರೋಪಕ್ಕೆ ಸೇರಿಸಿದ್ದಾರೆ.

ಆಚೆಯ ತಗ್ಗಿನ ಬೀದಿ ಪೂರ್ತಿ ಕೊಚ್ಚಿಹೋಯಿತು. ಅರ್ಧಕ್ಕೆ ನಿಂತ ಮಾತು ಮತ್ತೆ ಬರಬಹುದೆಂದು ಬೀಗರು ಯಂತ್ರದ ಮುಂದಿನಿಂದ ಏಳಲೇ ಇಲ್ಲವಂತೆ. ನೀರಿಳಿದ ಮೇಲೆ ಹೆಣವಾಗಿ ಅಲ್ಲೇ ಸಿಕ್ಕರಂತೆ. ಅಲ್ಲಿಂದ ಬಂದ ದೋಣಿಯವನು ನಮ್ಮ ಜಗಲಿಯಲ್ಲಿ ಕೂತು ಹೇಳಿದ. ಅಮ್ಮ ಕೊಟ್ಟ ನೀರನ್ನೂ ಅವನು ಕುಡಿಯಲಿಲ್ಲ.

ಹೆಣಗಳನ್ನು ಎತ್ತಿ ಮುಗಿಯುವ ಮೊದಲೇ ಎರಡೂ ಸರ್ಕಾರದವರು ಹೂಗುಚ್ಛ ಬದಲಾಯಿಸಿಕೊಂಡು, ಭದ್ರತೆಗೂ ವಿಪತ್ತಿಗೂ ಪರಸ್ಪರ ಸಹಕರಿಸುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿದರು. ಎಷ್ಟು ಚೆಂದದ ಪೆನ್ನು! ನಮ್ಮ ಮಾತಿನಲ್ಲಿ ನೆರೆ ಅಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ಈ ಮಹನೀಯರು ಎರಡಕ್ಕೂ ಹೆದರುತ್ತಾರೆ, ಎರಡನ್ನೂ ಅರಿಯರು. "ಕರಪತ್ರ ಓದಿ ಕೆಟ್ಟಳು" ಎಂದು ನೀನು ನಗಬಹುದು, ಪರವಾಗಿಲ್ಲ. ಎಚ್ಚರಿಸುವವನ ಬಾಯಿ ಕಟ್ಟಿ ಸಿದ್ಧತೆಯ ಮಾತಾಡುವುದಕ್ಕೆ ನಿಮ್ಮ ಆಫೀಸಿನಲ್ಲಿ ಏನೆನ್ನುತ್ತಾರೆ?

ಅಪ್ಪ ಜೈಲಿನಲ್ಲಿ ಕೇಳುವುದು ಒಂದೇ: "ಬೀಗರು ಏನಂದ್ರು?" ನಾನು ಬುತ್ತಿ ಒಳಗೆ ಸರಿಸಿ ಬರುತ್ತೇನೆ.

ಗುರುವಾರದ ವಿಚಾರಣೆಗೆಂದು ಅಮ್ಮ ಅಪ್ಪನ ಬಿಳಿ ಅಂಗಿ ಒಗೆದು ಇಸ್ತ್ರಿ ಮಾಡಿದ್ದಾಳೆ. "ಅವನು ದೊಡ್ಡ ಆಫೀಸಿನಲ್ಲಿದ್ದಾನೆ, ಬರೆದರೆ ಏನಾದರೂ ಮಾಡಿಯಾನು" ಅನ್ನುತ್ತಾಳೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ನೂರು ಕಾಲ ಬಾಳಬೇಕಂತೆ. ಅವಳ ಆಶೀರ್ವಾದ ತಲುಪಿಸಿದ್ದೇನೆ.

ನಿನ್ನ ತಂಗಿ,
ಮೆಣಸಿನಕಾಯಿ

ತಾ.ಕ.: ಅಮ್ಮನಿಗೆ ಗೊತ್ತಿಲ್ಲದ್ದು ನನಗೆ ಗೊತ್ತು. ವಕೀಲರು ಹೇಳಿದರು. ಭದ್ರತೆಯವರ ಹೆಡ್‌ಫೋನ್ ಹಾಕಿಕೊಂಡು ಅಪ್ಪನ ದನಿ ಕದ್ದು ಕೇಳುತ್ತಿದ್ದವನು ನೀನು. "ನೆಂಟರು ಅಂದ್ರೆ ಏನಯ್ಯಾ?" ಎಂದು ಮೇಲಿನವರು ಕೇಳಿದಾಗ "ಜನ, ಸಾರ್" ಎಂದವನೂ ನೀನು. ಚಿಕ್ಕಂದಿನಲ್ಲಿ ಹೊಸ್ತಿಲು ದಾಟಿದ ನೀರು ಕಂಡು ನೀನು ಚೀರಿದಾಗ, "ಅಳಬೇಡ ಮಗನೇ, ನೆಂಟರು ಕಣೋ, ನಾಳೆ ಹೋಗ್ತಾರೆ" ಎಂದು ಎತ್ತಿಕೊಂಡಿದ್ದರು ಅಪ್ಪ. ಆ ಪದ ಹುಟ್ಟಿದ್ದೇ ನಿನ್ನ ಅಳು ನಿಲ್ಲಿಸಲು. ನೌಕರಿ ಹೋದೀತೆಂದು ಹೆದರಿದೆಯಾ? ಹೆದರು. ಆದರೆ ಬಂದು ಅದರ ಅರ್ಥವನ್ನು ನ್ಯಾಯಾಧೀಶರಿಗೆ ನೀನೇ ಹೇಳು. ನ್ಯಾಯಾಲಯದ ಮೆಟ್ಟಿಲ ಮೇಲೆ ಕಾಯುತ್ತೇನೆ. ಗುರುವಾರ, ಬೆಳಿಗ್ಗೆ ಒಂಬತ್ತೂವರೆ.