ಇಯಾಂಥೆ ಎಂದಾಗ ಓ ಅಂದವಳು

ಮೈಸೂರು
ಮೂರನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೨೧೮

ಮೃದುಲಾ ಅವರಿಗೆ,

ಮೇಲಿನ ತಾರೀಖು ನೋಡಿ ಕಾಗದ ಮಡಚಿಡಬೇಡಿ. ನಮ್ಮಲ್ಲೀಗ ವರ್ಷಕ್ಕೆ ಮೂರು ಬೇಸಿಗೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ತೊಡರಬಹುದು, ಕ್ಷಮಿಸಿ. ನೀವು ಕೇಳಿರದ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ನೀವು ನನ್ನ ಗಂಡನ ಅಜ್ಜಿಯ ಅಜ್ಜಿಯ ಅಜ್ಜಿ. ಆದರೆ ಇದನ್ನು ಓದುವಾಗ ನಿಮಗೆ ಇಪ್ಪತ್ತೊಂಬತ್ತು, ನನಗೆ ಮೂವತ್ತೊಂದು. ಅದಕ್ಕೇ ಬರೀ ಹೆಸರು ಬರೆದೆ.

ನಾನು ಹರಿಣಾಕ್ಷಿ, ನಿಮ್ಮದೇ ಮನೆಯ ಸೊಸೆ. ಜಯಲಕ್ಷ್ಮೀಪುರಂನ ಅದೇ ಮನೆ. ಅಂಗಳದ ನಲ್ಲಿ ಇದ್ದ ಜಾಗದಲ್ಲಿ ಈಗ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿದೆ, ಸೊಪ್ಪು ಬೆಳೆಯುವುದು ಅಲ್ಲಿಯೇ. ನಾನು ಹನ್ನೊಂದು ದಿನದ ಬಾಣಂತಿ. ಸಬ್ಬಸಿಗೆ ಸಾರು, ಬೆಳ್ಳುಳ್ಳಿ, ಕಿವಿಗೆ ಬಟ್ಟೆ, ಇವೆಲ್ಲ ನಿಮ್ಮ ಕಾಲದಿಂದ ಒಂದಿಷ್ಟೂ ಬದಲಾಗಿಲ್ಲ. ಈಗ ಮಟಮಟ ಮಧ್ಯಾಹ್ನ. ಬಿಸಿಲಿಗೆ ಹೆದರಿ ಊರೆಲ್ಲ ಈ ಹೊತ್ತಿನಲ್ಲಿ ಮಲಗುತ್ತದೆ. ನನಗೆ ಮಾತ್ರ ನಿದ್ದೆ ಬಂದು ಆರು ದಿನವಾಯಿತು. ನಾಳೆ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಎರಡನೆಯದೂ ಹೆಣ್ಣು. ಹೆಸರಿನ್ನೂ ಸಿಕ್ಕಿಲ್ಲ.

ನೆನಪುಗಾರೆಯ ಬಗ್ಗೆ ಮೊದಲು ಹೇಳಬೇಕು. ಇನ್ನು ಕೆಲವು ವರ್ಷಕ್ಕೆ ನಿಮ್ಮ ಗೋಡೆಗಳಿಗೂ ಅದನ್ನು ಬಳಿಯಲು ಬರುತ್ತಾರೆ. ಒಂಟಿಯಾಗಿರುವವರು ಯಾರನ್ನಾದರೂ ಹೆಸರು ಹಿಡಿದು ಕರೆದರೆ ಮನೆ ಉತ್ತರಿಸಲಿ ಎಂದು ಮಾಡಿದ ಗಾರೆ ಅದು. ಮನೆಯೊಳಗೆ ಒಂದು ಹೆಸರು ಕೂಗಿ ಮೂರು ಉಸಿರು ಕಾಯಬೇಕು. ಆ ಹೆಸರಿನವರು ಓ ಅನ್ನದಿದ್ದರೆ ಗೋಡೆ ಓ ಅನ್ನುತ್ತದೆ, ಅವರು ಆ ಮನೆಯಲ್ಲಿ ಕೊನೆಯ ಸಲ ಓಗೊಟ್ಟ ಧ್ವನಿಯಲ್ಲಿ. ಆಗ ಅವರು ಅಂದದ್ದಷ್ಟೇ, ಬೇರೆ ಮಾತಾಡುವುದಿಲ್ಲ. ಮೊದಮೊದಲು ಜನ ಸಂತೋಷದಿಂದ ಅತ್ತರಂತೆ. ಆಮೇಲೆ ಕೆರೆದು ತೆಗೆಯೋಣ ಅಂದುಕೊಂಡವರಿಗೆ ಕೈ ಬರಲಿಲ್ಲ. ಅಜ್ಜಿಯ ಧ್ವನಿಯನ್ನು ಕರಣೆಯಲ್ಲಿ ಕೆರೆಯುವವರು ಯಾರು?

ಹೀಗಾಗಿ ಒಂದು ಮನೆಯಲ್ಲಿ ಇದ್ದ ಹೆಸರನ್ನು ಮತ್ತೆ ಇಡುವ ಹಾಗಿಲ್ಲ. ಕಾರಣ ನಮ್ಮ ಎದುರುಮನೆಯಲ್ಲೇ ಇದೆ. ಅಲ್ಲಿ ತೀರಿಹೋದ ಅತ್ತೆಯ ಹೆಸರನ್ನು ಹಟ ಮಾಡಿ ಮಗುವಿಗಿಟ್ಟರು. ಮಗು ಬಾಯಿ ತೆರೆಯುವ ಮೊದಲೇ ಗೋಡೆ ಅದರ ಪರವಾಗಿ ಓ ಅನ್ನುತ್ತಿತ್ತು. ಮಗು ಸುಮ್ಮನಿರುವುದನ್ನು ಕಲಿಯಿತು. ಈಗ ಆ ಹುಡುಗಿಗೆ ಹದಿನಾರು. ಬೀದಿಯಲ್ಲಿ ಕರೆದರೂ ತಿರುಗಿ ನೋಡುವುದಿಲ್ಲ, ಬೇರೆ ಯಾರೋ ಉತ್ತರಿಸುತ್ತಾರೆ ಎಂಬಂತೆ ಸುಮ್ಮನೆ ನಿಂತಿರುತ್ತಾಳೆ.

ನಿಮ್ಮ ಮನೆಯಲ್ಲಿ ಕನ್ನಡದ ಹೆಸರುಗಳು ಮುಗಿದು ಎಷ್ಟೋ ಕಾಲವಾಗಿದೆ. ಬಂಗಾಳಿ ಮುಗಿಯಿತು, ಪಾರಸಿ ಮುಗಿಯಿತು. ನನ್ನ ಗಂಡನ ಹೆಸರು ಕೆಂಜಿ, ಜಪಾನಿನದು. ನಾನು ಕಾಲೇಜಿನಲ್ಲಿ ಹಳೆಯ ಗ್ರೀಸಿನ ಚರಿತ್ರೆ ಓದಿದವಳು. ಅಲ್ಲಿಯ ಹೆಸರುಗಳನ್ನು ಈ ಗೋಡೆ ಕೇಳಿರಲಾರದು ಎಂದುಕೊಂಡು ನಾಲ್ಕು ವರ್ಷದ ಹಿಂದೆ ಮೊದಲ ಮಗಳಿಗೆ ಥಾಲಿಯಾ ಎಂದು ಇಟ್ಟೆ. ಈ ಸಲವೂ ಪಟ್ಟಿ ಮಾಡಿಕೊಂಡು ಒಂದೊಂದೇ ಹೆಸರು ಕೂಗಿ ಕಾಯುತ್ತಾ ಕೂತೆ. ಗೋಡೆ ಸುಮ್ಮನಿದ್ದರೆ ಹೆಸರು ನಮ್ಮದು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಎಲ್ಲದಕ್ಕೂ ಒಂದೊಂದು ಹೇಳುತ್ತಿದ್ದರು. ಕ್ಸಾಂತಿಪ್ಪೆ ಅಂದಾಗ, “ಗೋಡೆ ಒಪ್ಪಿದರೂ ನಾನು ಒಪ್ಪಲ್ಲ ಕಣಮ್ಮ, ಹೆಣ್ಣುಮಗುವಿನ ಹೆಸರಲ್ಲಿ ತಿಪ್ಪೆ ಯಾಕೆ?” ಅಂದರು. ಇಬ್ಬರೂ ನಕ್ಕೆವು. ಆ ನಗುವಿನಲ್ಲೇ ನಾನು ಮುಂದಿನ ಹೆಸರು ಕೂಗಿದೆ: ಇಯಾಂಥೆ. ನೇರಳೆ ಬಣ್ಣದ ಹೂವು ಎಂದು ಅರ್ಥ.

ಒಂದು ಉಸಿರು, ಎರಡು, ಮೂರು. “ಓ, ಬಂದೇ ಅಮ್ಮಾ.”

ಪುಟ್ಟ ಮಗುವಿನ ಧ್ವನಿ. ನಾಲ್ಕು ವರ್ಷ ಇರಬಹುದು. ಓಡುತ್ತಾ ಹೇಳಿದ ಹಾಗೆ ಏದುಸಿರು. ಅತ್ತೆಯ ಕೈ ನಿಂತಿತು. ನಾನು ಪೆದ್ದಿಯ ಹಾಗೆ ಬಾಗಿಲ ಕಡೆ ನೋಡುತ್ತಾ ಕೂತಿದ್ದೆ.

ಆಮೇಲೆ ಹಳೆಯ ಟ್ರಂಕು ಹುಡುಕಿದಾಗ ನಿಮ್ಮ ಹಾಳೆ ಸಿಕ್ಕಿತು. ಗೆರೆ ಹಾಕಿದ ನೋಟ್‌ಬುಕ್ಕಿನದು. ಮೇಲೆ ‘ಎರಡನೇ ಪುಟ್ಟಿಗೆ’ ಎಂದಿದೆ. ಡಾಫ್ನೆ, ಫೀಬಿ, ಇಯಾಂಥೆ. ಕೊನೆಯದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ‘ಅತ್ತೆಗೆ ನಿಧಾನವಾಗಿ ಹೇಳಬೇಕು’ ಎಂದು ಬರೆದಿದ್ದೀರಿ. ಕೆಳಗೆ ನಿಮ್ಮ ಸಹಿ, ತಾರೀಖು. ಈ ಸಾಲು ಓದಿ ನನಗೆ ನೀವು ತೀರಾ ಪರಿಚಯದವರು ಅನ್ನಿಸಿತು. ಆದರೆ ಟ್ರಂಕಿನಲ್ಲಿ ನಿಮ್ಮ ಆ ಎರಡನೆಯವಳದು ಇನ್ನೇನೂ ಇಲ್ಲ. ಅಂಕಪಟ್ಟಿ ಇಲ್ಲ, ಮದುವೆಯ ಕರೆಯೋಲೆ ಇಲ್ಲ. ಈ ಮನೆತನವೆಲ್ಲ ನಿಮ್ಮ ಮೊದಲ ಮಗಳ ಸಂತಾನ. ಎರಡನೆಯವಳು ಏನಾದಳು ಎಂದು ಹೇಳುವವರು ಯಾರೂ ಉಳಿದಿಲ್ಲ. ಕೆಂಜಿ, “ಶಾಲೆಗೆ ಸೇರಿಸುವಾಗ ಹೆಸರು ಬದಲಾಯಿಸಿರ್ತಾರೆ ಬಿಡು,” ಅಂದ. ಅತ್ತೆ, “ಮನೆಯಲ್ಲಿ ಹೆಸರು ಹಿಡಿದು ಯಾರು ಕರೀತಾರೆ, ಪುಟ್ಟಿ ಪುಟ್ಟಿ ಅಂತಲೇ ದೊಡ್ಡವಳಾಗಿರ್ತಾಳೆ,” ಅಂದರು. ಹೇಳುವಾಗ ಇಬ್ಬರೂ ನನ್ನ ಮುಖ ನೋಡಲಿಲ್ಲ.

ನನ್ನ ನಿದ್ದೆ ಹೋಗಿದ್ದು ಅದಕ್ಕೂ ಅಲ್ಲ. ಅವತ್ತು ಥಾಲಿಯಾ ಕದ್ದು ಕೇಳಿಸಿಕೊಂಡಿದ್ದಳು. ಮಾರನೆಯ ದಿನದಿಂದ ಕೋಣೆಯ ಮೂಲೆಯಲ್ಲಿ ನಿಂತು ಇಯಾಂಥೆ ಎಂದು ಕೂಗುತ್ತಾಳೆ. ಗೋಡೆ “ಓ, ಬಂದೇ ಅಮ್ಮಾ” ಅನ್ನುತ್ತದೆ. ಇವಳು ಆಟದ ಬಟ್ಟಲುಗಳನ್ನು ಎರಡು ಪಾಲು ಮಾಡಿ ಕಾಯುತ್ತಾಳೆ. “ಬರ್ತೀನಿ ಅಂತಾಳೆ, ಬರಲ್ಲ. ನೀನು ಕರಿ ಅಮ್ಮ, ನಿನ್ನ ಮಾತು ಕೇಳ್ತಾಳೆ,” ಎಂದು ನನ್ನ ಸೆರಗು ಎಳೆಯುತ್ತಾಳೆ. ನನ್ನ ಮಗ್ಗುಲಲ್ಲಿರುವ ತಂಗಿಗೆ ಬೇರೆ ಹೆಸರು ಬೇಡವಂತೆ. ಅದೇ ಹೆಸರಿಟ್ಟರೆ ಈ ಮಗು ಎದುರುಮನೆಯ ಹುಡುಗಿಯಾಗುತ್ತಾಳೆ. ಹಾಗಾಗದೆ ಇವಳು ಓ ಅನ್ನಲು ಕಲಿತಳು ಅನ್ನಿ, ಆ ದಿನ ಗೋಡೆ ಇವಳ ಧ್ವನಿ ಹಿಡಿದು ನಿಮ್ಮವಳದನ್ನು ಅಳಿಸಿಹಾಕುತ್ತದೆ. ಅವಳದು ಉಳಿದಿರುವುದು ಆ ಒಂದು ಏದುಸಿರು. ನನ್ನಿಂದ ಅದು ಹೋಗಬಾರದು.

ಹೆಸರಿಡುವ ಹಿಂದಿನ ದಿನ ತಾಯಿಯಾದವಳು ಹಿಂದಿನವರಿಗೊಂದು ಕಾಗದ ಬರೆದು ಗೋಡೆಯ ಬಿರುಕಿನಲ್ಲಿ ತುರುಕುವುದು ನಮ್ಮ ಪದ್ಧತಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದವಾದ್ದರಿಂದ ಅದಕ್ಕೆ ಹಿಂಗಾಗದ ಅನ್ನುತ್ತೇವೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆ ಹೆಸರು ಇಡಬೇಡಿ ಎಂದು ನಿಮ್ಮನ್ನು ಎಚ್ಚರಿಸಲು ಕೂತಿದ್ದೆ. ಬರೆಯುತ್ತಾ ಮನಸ್ಸು ಬದಲಾಯಿತು. ಹೆಸರು ಅವಳಿಗೇನೂ ಮಾಡಿರಲಾರದು. ಧೈರ್ಯವಾಗಿ ಇಡಿ. ನಾನು ನಿಮ್ಮ ಹಾಳೆಯಿಂದಲೇ ಫೀಬಿ ಎಂಬುದನ್ನು ತೆಗೆದುಕೊಂಡಿದ್ದೇನೆ, ಗೋಡೆ ಸುಮ್ಮನಿತ್ತು. ಥಾಲಿಯಾ ಒಂದೆರಡು ದಿನ ಅಳಬಹುದು.

ಒಂದೇ ಒಂದು ಬೇಡಿಕೆ. ಮುದ್ದಿಗೆ ಪುಟ್ಟಿ ಅನ್ನಿ, ಚಿನ್ನ ಅನ್ನಿ, ಆದರೆ ದಿನಕ್ಕೊಮ್ಮೆಯಾದರೂ ಪೂರ್ತಿ ಹೆಸರು ಹಿಡಿದು ಕರೆಯಿರಿ. ಅವಳು ಹತ್ತು ವರ್ಷದವಳಾದಾಗ ಕರೆಯಿರಿ, ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಾಗ ಕರೆಯಿರಿ. ಮನೆ ಬಿಟ್ಟು ಹೊರಡುವ ದಿನ ನಡುಮನೆಯಲ್ಲಿ ನಿಲ್ಲಿಸಿ, ಬಸ್ಸಿಗೆ ಹೊತ್ತಾಯಿತು ಎಂದು ಸಿಡುಕಿದರೂ ಬಿಡದೆ, ಕರೆದು ಓ ಅನ್ನಿಸಿ.

ನಾಳೆ ತೊಟ್ಟಿಲು ಕಟ್ಟುವ ಮೊದಲು ನಾನು ಒಂದೇ ಒಂದು ಸಲ ಅವಳನ್ನು ಕರೆಯುತ್ತೇನೆ. ದೊಡ್ಡ ಹೆಂಗಸಿನ ಧ್ವನಿ ಬರಲಿ. ಸಿಡುಕಿನ ಧ್ವನಿಯಾದರೂ ಸರಿ.

ನಿಮ್ಮ ಮನೆಯ
ಹರಿಣಾಕ್ಷಿ