ಶಾಂತಲಿಂಗಪ್ಪನ ರುಮಾಲು

ಅಫಜಲಪುರ
೯-೨-೧೯೮೬

ಪ್ರೀತಿಯ ಅಕ್ಕ ಸುಂದರಬಾಯಿಗೆ ತಂಗಿ ಮಲ್ಕಮ್ಮಳ ಶರಣು.

ಜೇವರ್ಗಿಯಲ್ಲಿ ನೀವೆಲ್ಲ ಆರಾಮಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರಕ್ಕೆ ಉತ್ತರ ಬರೆಯಲು ತಡವಾಯಿತು, ಬೈದುಕೊಂಡಿರಬೇಕು, ಬೈದುಕೋ. ತಮ್ಮ ನಾಗಣ್ಣ ಗೌಡರ ಕಬ್ಬಿನ ಕಾವಲಿಗೆ ಸೇರಿ ಹೇಗಿದ್ದಾನೆಂದು ಕೇಳಿದ್ದೀಯ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಇಲ್ಲಿ ನಡೆದದ್ದನ್ನು ಹೇಳುತ್ತೇನೆ.

ಹೋದ ತಿಂಗಳು ಹಳ್ಳಿ ನರ್ಸುಗಳನ್ನೆಲ್ಲ ಗುಲ್ಬರ್ಗಾಕ್ಕೆ ತರಬೇತಿಗೆ ಕರೆದಿದ್ದರು. ಬಡಿದಾಟದಲ್ಲಿ ಗಾಯವಾದವರನ್ನು ದವಾಖಾನೆ ಮುಟ್ಟುವ ತನಕ ಉಳಿಸಿಕೊಳ್ಳುವುದು ಹೇಗೆಂದು ಕಲಿಸಿದರು. ಹೆರಿಗೆ ಮಾಡಿಸುವವಳಿಗೆ ಇದೆಲ್ಲ ಯಾಕೆ ಎಂದುಕೊಂಡೆ. ಡಾಕ್ಟರ್ ಸಲಾವುದ್ದೀನ ಅವರು, "ರಕ್ತ ನಿಲ್ಲೂತನಕ ಒತ್ತಿದ ಕೈ ತೆಗೀಬ್ಯಾಡ್ರಿ ನರ್ಸಬಾಯಿ. ಅರಿವಿ ತೊಯ್ದ್ರ ಅದರ ಮ್ಯಾಲ ಮತ್ತೊಂದು ಇಡ್ರಿ. ಆದ್ರ ಹೊಡದವರು ಹೋಗ್ಯಾರೋ ಇಲ್ಲೋ ಮೊದಲು ನೋಡ್ರಿ, ನಿಮ್ಮದೂ ಜೀವಾನ ಅದ" ಎಂದರು. ಒಬ್ಬರ ತೊಡೆ ಒಬ್ಬರು ಒತ್ತಿ ಕಲಿಯುವಾಗ ಕಚಗುಳಿಯಾಗಿ ನಕ್ಕದ್ದೇ ನಕ್ಕದ್ದು.

ಮೊನ್ನೆ ನಗು ಬರಲಿಲ್ಲ. ಬದುವಿನ ಜಗಳದಲ್ಲಿ ಗೌಡರ ಕಡೆಯವರು ಶಾಂತಲಿಂಗಪ್ಪನೆಂಬ ರೈತನ ತೊಡೆಗೆ ಕಬ್ಬು ಕಡಿಯುವ ಕೊಯ್ತಾದಿಂದ ಹೊಡೆದರು. ಅವನನ್ನು ಹೊತ್ತು ತಂದವರು, ಬೆನ್ನಟ್ಟಿ ಬಂದವರನ್ನು ಕಂಡು ಹಳ್ಳಿಯ ನನ್ನ ಹೆರಿಗೆ ಕೋಣೆಯಲ್ಲಿ ಅವನನ್ನು ಬಿಟ್ಟು ಓಡಿದರು. ಬಾಗಿಲ ಅಗಳಿ ಹಾಕಿ ಗಾಯ ಒತ್ತಿ ಹಿಡಿದೆ. ಇದ್ದ ಬಟ್ಟೆಯೆಲ್ಲ ತೊಯ್ದು ಹೋಯಿತು. ಅವನ ತಲೆಯ ರುಮಾಲನ್ನೇ ಕಿತ್ತು ಒತ್ತಿದೆ. ಗಂಡಸಿನ ರುಮಾಲಿಗೆ ಪರಹೆಂಗಸು ಕೈ ಹಚ್ಚುವುದು ಅವನ ಉಸಿರು ಹೋದ ಮೇಲೆಯೇ, ನಿನಗೆ ಗೊತ್ತಲ್ಲ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಓಡಿ ಬಂದ ಹೆಂಡತಿ ಸುಭದ್ರಾಬಾಯಿ, ಗಂಡನ ಬರಿದಲೆ ಕಂಡವಳೇ "ನಮ್ಮನಿಯವ್ರು ಹೋದ್ರವ್ವೋ!" ಎಂದು ಹೊಸ್ತಿಲಿಗೆ ಬಳೆ ಒಡೆದುಕೊಂಡಳು.

"ಇಲ್ಲವ್ವ, ಜೀವ ಅದ" ಎನ್ನಲು ಬಾಯಿ ತೆರೆದಿದ್ದೆ. ಬಾಗಿಲ ಆಚೆಯಿಂದ ಒಬ್ಬ, "ಸತ್ತನೇನು?" ಎಂದು ಕೇಳಿದ.

"ಸತ್ತ" ಎಂದೆ.

ಹೆಜ್ಜೆ ಸಪ್ಪಳ ದೂರವಾಯಿತು. ಆಮೇಲೆ ಟ್ರ್ಯಾಕ್ಟರಿನಲ್ಲಿ, ಒತ್ತಿದ ಕೈ ತೆಗೆಯದೆ, ಇಲ್ಲಿಯ ದವಾಖಾನೆಯ ತನಕ ಬಂದೆ. ಅವನು ಉಳಿದ. ಇಂದು ಗಂಜಿ ಕುಡಿದು, "ನನ್ನ ರುಮಾಲು ಎಲ್ಲಿ ಅದ ನರ್ಸಬಾಯಿ?" ಎಂದ. ಸುಭದ್ರಾಬಾಯಿ ಅಳುತ್ತ ನಗುತ್ತ ಹೊಸ ಬಳೆ ತೊಟ್ಟಿದ್ದಾಳೆ. ನಾನು ಮಾತ್ರ ಬಾಗಿಲು ಕಿರ್ರೆಂದರೂ ಎದ್ದು ಯಾರೆಂದು ನೋಡುತ್ತೇನೆ. ಬದುಕಿದ್ದಾನೆಂದು ಅವರಿಗೆ ತಿಳಿದ ದಿನ ಏನು ಗತಿ?

ಘತ್ತರಗಿ ಭಾಗ್ಯವಂತಿ ದೇವಿ ಎಲ್ಲರನ್ನೂ ಕಾಯಲಿ. ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ತಂಗಿ,
ಮಲ್ಕಮ್ಮ

ತಾ.ಕ.: ಅಕ್ಕ, ಬಾಗಿಲ ಆಚೆ ನಿಂತವನು ನಿಜಕ್ಕೂ "ಸತ್ತನೇನಕ್ಕಾ?" ಎಂದು ಕೇಳಿದ್ದ, ಮೇಲೆ ಆ 'ಅಕ್ಕಾ' ಬಿಟ್ಟು ಬರೆದೆ. ಅವನು ನಮ್ಮ ನಾಗಣ್ಣ. ಅಂದಿನಿಂದ ಕಂಡಿಲ್ಲ, ತಾನು ಹೊಡೆದು ಕೊಂದೆನೆಂದೇ ತಿಳಿದು ಓಡಿದ್ದಾನೆ. ನಿನ್ನ ಹತ್ತಿರ ಬಂದರೆ ಮೊದಲು ರೊಟ್ಟಿ ಕೊಡು. ನಿಜ ಹೇಳಿದರೆ ಮತ್ತೆ ಮುಗಿಸಲು ಬಂದಾನೆಂಬ ಅಂಜಿಕೆ, ಹೇಳದಿದ್ದರೆ ಜೀವಕ್ಕೆ ಏನಾದರೂ ಮಾಡಿಕೊಂಡಾನೆಂಬ ಅಂಜಿಕೆ. ಅವನ ಮುಖ ನೋಡಿ ನೀನೇ ತೀರ್ಮಾನಿಸು. ಅವನು ಹೆದರಿ ಕೇಳಿದನೋ, ಆಸೆಯಿಂದ ಕೇಳಿದನೋ, ನನಗೆ ಇನ್ನೂ ತಿಳಿದಿಲ್ಲ.